ಡೊಮೇನ್ ಬದಲಾಯಿಸುವಾಗ ನ್ಯಾಸ್ ಫೋಲ್ಡರ್‌ಗಳ ಪರ್ಮಿಷನ್ ಉಳಿಸಿಕೊಳ್ಳುವುದು ಹೇಗೆ?

ಹಳೆ ಆಕ್ಟಿವ್ ಡೈರೆಕ್ಟರಿ ಡೊಮೇನಿನಿಂದ (ಕಚೇರಿಯ ಯೂಸರ್, ಗ್ರೂಪ್, ಕಂಪ್ಯೂಟರ್‌ಗಳನ್ನು ಒಂದೆಡೆ ನಿರ್ವಹಿಸುವ ವಿಂಡೋಸ್ ವ್ಯವಸ್ಥೆ) ಹೊಸದಕ್ಕೆ ಹೋಗುತ್ತಿದ್ದೀರಿ, ಯೂಸರ್ ಹೆಸರುಗಳೆಲ್ಲ ಅವೇ, ಹಾಗಾಗಿ ನ್ಯಾಸನ್ನು (ನೆಟ್‌ವರ್ಕಿನಲ್ಲಿ ಎಲ್ಲರ ಫೈಲ್ ಇಡುವ ಸಾಧನ) ಹೊಸ ಡೊಮೇನಿಗೆ ಜಾಯಿನ್ ಮಾಡಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು.

ಫೋಲ್ಡರಿನ ಎಸಿಎಲ್‌ನಲ್ಲಿ (ಯಾರಿಗೆ ಏನು ಹಕ್ಕು ಎಂಬ ಪಟ್ಟಿ) ಹೆಸರು ಇರುವುದೇ ಇಲ್ಲ. ಇರುವುದು ಎಸ್‌ಐಡಿ, ಅಂದರೆ ಪ್ರತಿ ಅಕೌಂಟಿನ ಗುರುತು ಸಂಖ್ಯೆ: ಎಸ್-1-5-21 ಎಂದು ಶುರುವಾಗಿ, ನಡುವೆ ಆ ಡೊಮೇನಿನ ಮೂರು ಉದ್ದ ಸಂಖ್ಯೆ, ಕೊನೆಗೆ ಯೂಸರ್ ಅಥವಾ ಗ್ರೂಪಿನ ಆರ್‌ಐಡಿ, ಅಂದರೆ ಆ ಡೊಮೇನಿನೊಳಗಿನ ಅದರ ಸಂಖ್ಯೆ. ಹೊಸ ಡೊಮೇನಿನಲ್ಲಿ ಅದೇ ಹೆಸರಿಟ್ಟರೂ ನಂಬರ್ ಬೇರೆ, ನ್ಯಾಸಿನ ಲೆಕ್ಕಕ್ಕೆ ಬೇರೆಯೇ ಮನುಷ್ಯ. ಸೆಕ್ಯುರಿಟಿ ಟ್ಯಾಬಿನಲ್ಲಿ ಹೆಸರಿನ ಜಾಗದಲ್ಲಿ ಬರೀ ನಂಬರ್ ಕಂಡರೆ ಪರ್ಮಿಷನ್ ಅಳಿಸಿಹೋಗಿದೆ ಎಂದಲ್ಲ, ಆ ನಂಬರಿಗೆ ಹೆಸರು ಹುಡುಕಿಕೊಡುವ ಡಿಸಿ (ಡೊಮೇನ್ ಕಂಟ್ರೋಲರ್, ಅಂದರೆ ಡೊಮೇನ್ ನಡೆಸುವ ಸರ್ವರ್) ಸಿಗುತ್ತಿಲ್ಲ ಅಷ್ಟೆ. ಗಾಬರಿಯಾಗಿ ಆ ಸಾಲುಗಳನ್ನು ಡಿಲೀಟ್ ಮಾಡಬೇಡಿ. ಯಾವ ಫೋಲ್ಡರಿಗೆ ಯಾರಿಗೆ ಹಕ್ಕಿತ್ತು ಎಂಬ ದಾಖಲೆಯೇ ಅದು.

ಹಳೆ ಡಿಸಿ ಓಡುತ್ತಿರುವಾಗಲೇ ನಾಲ್ಕು ಕಾಲಂನ ಒಂದು ಪಟ್ಟಿ ಮಾಡಿಕೊಳ್ಳಿ: ಹಳೆ ಹೆಸರು, ಹಳೆ ಎಸ್‌ಐಡಿ, ಹೊಸ ಹೆಸರು, ಹೊಸ ಎಸ್‌ಐಡಿ. ಆಮೇಲೆ ವಿಂಡೋಸಿನ ಐಕ್ಯಾಕಲ್ಸ್ (icacls) ಕಮ್ಯಾಂಡಿನ ಸೇವ್ ಆಯ್ಕೆಯಿಂದ ಪ್ರತಿ ಶೇರಿನ (ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರ್) ಎಸಿಎಲ್ ಫೈಲಿಗೆ ಇಳಿಸಿ. ಒಳಫೋಲ್ಡರ್‌ಗಳಿಗೆ ಟಿ, ತಪ್ಪು ಬಂದರೂ ನಿಲ್ಲದಿರಲು ಸಿ ಸ್ವಿಚ್ ಸೇರಿಸಿ. ಇಲ್ಲಿ ಜನ ಎಡವುವ ಜಾಗ ಹಲವು. ಪಾತ್ ಕೊನೆಗೆ ನಕ್ಷತ್ರ (*) ಹಾಕಿದರೆ ಒಳಗಿನದ್ದೆಲ್ಲ ಸೇವ್ ಆಗುತ್ತದೆ, ಮೇಲಿನ ಫೋಲ್ಡರಿನ ಸ್ವಂತ ಎಸಿಎಲ್ ಆಗುವುದಿಲ್ಲ. ಅದನ್ನು ಬೇರೆ ಬರೆದಿಟ್ಟುಕೊಳ್ಳಿ. ರಿಸ್ಟೋರ್ ಮಾಡುವಾಗ ನಕ್ಷತ್ರವಿಲ್ಲದ ಪಾತ್ ಕೊಡಬೇಕು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಬೇರೆ ಎನ್‌ಕೋಡಿಂಗಿನಲ್ಲಿ ಸೇವ್ ಮಾಡಿದರೆ ಅದು ಕೆಲಸಕ್ಕೆ ಬಾರದು. ಓನರ್ ಮಾಹಿತಿಯೂ ಶೇರ್ ಪರ್ಮಿಷನ್ನೂ ಇದರಲ್ಲಿ ಬರುವುದಿಲ್ಲ. ಶೇರ್ ಪರ್ಮಿಷನ್ ಬೇರೆ ಜಾಗದಲ್ಲಿರುತ್ತದೆ, ಕೈಯಾರೆ ನೋಡಲೇಬೇಕು. ಫೋಲ್ಡರ್ ಎಲ್ಲ ಸರಿಮಾಡಿಯೂ ಆಕ್ಸೆಸ್ ಡಿನೈಡ್ ಬರುತ್ತಿದ್ದರೆ ನಾನಂತೂ ಮೊದಲು ಅಲ್ಲೇ ಹುಡುಕುತ್ತೇನೆ.

ರಿಸ್ಟೋರ್ ಜೊತೆ ಸಬ್‌ಸ್ಟಿಟ್ಯೂಟ್ ಕೊಟ್ಟು ಹಳೆ ಎಸ್‌ಐಡಿ ಬದಲು ಹೊಸದನ್ನು ಒಂದೇ ಸಲಕ್ಕೆ ತುಂಬಿಸಬಹುದು. ಆದರೆ ಅದು ಅದಲುಬದಲು. ಹಳೆ ಅಕೌಂಟಿನಲ್ಲಿ ಇನ್ನೂ ಲಾಗಿನ್ ಆಗುತ್ತಿರುವವರು ಆ ಕ್ಷಣದಿಂದ ಹೊರಗೆ. ಎರಡೂ ಡೊಮೇನ್ ಕೆಲವು ದಿನ ಜೊತೆಗೆ ಓಡುವುದಾದರೆ ಮೊದಲು ಎರಡರ ನಡುವೆ ಟ್ರಸ್ಟ್, ಅಂದರೆ ಒಂದರ ಲಾಗಿನ್ ಇನ್ನೊಂದು ಒಪ್ಪುವ ಸಂಬಂಧ, ಕಟ್ಟಿ (ನ್ಯಾಸ್ ಒಂದು ಹೊತ್ತಿಗೆ ಒಂದೇ ಡೊಮೇನಿನಲ್ಲಿರುತ್ತದೆ), ಹೊಸ ಗ್ರೂಪಿನ ಪರ್ಮಿಷನ್ ಸೇರಿಸಿ, ಪರೀಕ್ಷಿಸಿ, ಹಳೆಯದನ್ನು ಕೊನೆಗೆ ತೆಗೆಯಿರಿ. ಡೊಮೇನ್ ಬದಲಾವಣೆಗೆಂದೇ ಇರುವ ಮೈಕ್ರೋಸಾಫ್ಟ್‌ನ ಎಡಿಎಂಟಿ ಟೂಲಿನ ಸೆಕ್ಯುರಿಟಿ ಟ್ರಾನ್ಸ್‌ಲೇಷನ್ನಿನಲ್ಲೂ ರಿಪ್ಲೇಸ್ ಬಿಟ್ಟು ಆಡ್ ಆರಿಸಿ. ಮೇಲಿನಿಂದ ಇನ್‌ಹೆರಿಟ್ ಆಗಿ ಬಂದದ್ದನ್ನು ಮುಟ್ಟಬೇಕಿಲ್ಲ; ನೇರವಾಗಿ ಕೊಟ್ಟ ಪರ್ಮಿಷನ್ ಇರುವ ಫೋಲ್ಡರ್‌ಗಳನ್ನಷ್ಟೇ ಹಿಡಿದರೆ ಉಳಿದವು ತಾವಾಗಿ ಬದಲಾಗುತ್ತವೆ.

ಎಸ್‌ಐಡಿ ಹಿಸ್ಟರಿ ಇದ್ದರೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹೊಸ ಅಕೌಂಟಿನ ಜೊತೆ ಹಳೆ ಎಸ್‌ಐಡಿಯೂ ಟೋಕನ್ನಿನಲ್ಲಿ (ಲಾಗಿನ್ ಆದಾಗ ಸಿಗುವ ಗುರುತುಚೀಟಿ) ಹೋಗುವುದರಿಂದ ಬಾಗಿಲು ತೆರೆಯುವುದು ನಿಜ. ಆದರೆ ನ್ಯಾಸ್ ಇನ್ನೂ ಹಳೆ ಡೊಮೇನಿನಲ್ಲಿದ್ದರೆ ಟ್ರಸ್ಟ್ ಮೇಲಿನ ಎಸ್‌ಐಡಿ ಫಿಲ್ಟರಿಂಗ್ ಅದನ್ನು ಕಿತ್ತುಹಾಕುತ್ತದೆ, ಸಡಿಲಿಸದ ಹೊರತು. ಡೊಮೇನ್ ಯೂಸರ್ಸ್ (ಆರ್‌ಐಡಿ 513), ಡೊಮೇನ್ ಅಡ್ಮಿನ್ಸ್ (512) ಎಡಿಎಂಟಿಯಲ್ಲಿ ದಾಟಿ ಬರುವುದೂ ಇಲ್ಲ. ಡೊಮೇನ್ ಯೂಸರ್ಸ್‌ಗೆ ಪರ್ಮಿಷನ್ ಕೊಟ್ಟ ಫೋಲ್ಡರ್ ಹೇಗೂ ಕೈಕೆಲಸವೇ. ನನ್ನ ಮಟ್ಟಿಗೆ ಎಸ್‌ಐಡಿ ಹಿಸ್ಟರಿ ದಾಟುವ ತನಕದ ಹಲಗೆ, ಸೇತುವೆಯಲ್ಲ.

ನಿಮ್ಮ ನ್ಯಾಸ್ ಒಳಗೆ ಸಾಂಬಾ (ಲಿನಕ್ಸಿನಲ್ಲಿ ವಿಂಡೋಸ್ ಫೈಲ್ ಹಂಚಿಕೆ ನಡೆಸುವ ಸಾಫ್ಟ್‌ವೇರ್) ಇದ್ದರೆ ನಿಜವಾದ ಅಪಾಯ ಬೇರೆ. ಅದು ಎಸ್‌ಐಡಿಯನ್ನು ಲಿನಕ್ಸಿನ ಯೂಸರ್ ಸಂಖ್ಯೆಗೆ (ಯುಐಡಿ) ಹೊಂದಿಸುತ್ತದೆ. ಇದರ ಐಡಿಮ್ಯಾಪ್ ಆರ್‌ಐಡಿ ವಿಧಾನದಲ್ಲಿ ಯುಐಡಿ ಎಂದರೆ ರೇಂಜಿನ ಕೆಳಸಂಖ್ಯೆಗೆ ಆರ್‌ಐಡಿ ಕೂಡಿಸಿದ್ದು. ರೇಂಜ್ 10000ದಿಂದ ಇದ್ದು, ಅಕೌಂಟ್ಸ್ ವಿಭಾಗದವರೊಬ್ಬರ ಆರ್‌ಐಡಿ 1105 ಆಗಿದ್ದರೆ ಅವರ ಫೈಲ್‌ಗಳ ಮೇಲೆ 11105 ಎಂದು ಬಿದ್ದಿರುತ್ತದೆ. ಹೊಸ ಡೊಮೇನಿನಲ್ಲಿ 1105 ಸೇಲ್ಸ್‌ನ ಯಾರಿಗೋ ಹೋಗಿದೆ ಅನ್ನಿ. ರೇಂಜ್ ಅದೇ ಬಿಟ್ಟರೆ ಸಂಬಳದ ಫೈಲಿನ ಓನರ್ ಅವರೇ. ಎರರ್ ಬರುವುದಿಲ್ಲ, ಯಾರೂ ದೂರು ಕೊಡುವುದೂ ಇಲ್ಲ. ಹೊಸ ಡೊಮೇನಿಗೆ ಹಳೆಯದನ್ನು ಮುಟ್ಟದ ಬೇರೆ ರೇಂಜ್ ಕೊಡಿ, ಜಾಯಿನ್ ಆದ ಮೇಲೆ ಹಳೆ ಹೊಂದಿಕೆಯ ನೆನಪು ಅಳಿಸುವ ನೆಟ್ ಕ್ಯಾಶ್ ಫ್ಲಶ್ ಕಮ್ಯಾಂಡ್ ಓಡಿಸಿ, ಪಟ್ಟಿ ನೋಡಿ ಓನರ್ ಬದಲಿಸಿ.

ಜಾಯಿನ್ ಮಾಡುವ ಮುಂಚೆ ನ್ಯಾಸಿನ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೆಟ್ಟಿಂಗ್) ಹೊಸ ಡಿಸಿಯತ್ತ ತಿರುಗಿಸಿ. ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಲಾಗಿನ್ ಪರಿಶೀಲಿಸುವ ಕೆರ್ಬರೋಸ್ ಒಪ್ಪುವುದಿಲ್ಲ. ಪರೀಕ್ಷಿಸುವವರು ಲಾಗಾಫ್ ಆಗಿ ಮತ್ತೆ ಬರಲಿ, ಗ್ರೂಪ್ ಬದಲಾವಣೆ ಹಳೆ ಟೋಕನ್ನಿಗೆ ತಿಳಿಯದು. ಬಂದವರು ಹೂ-ಆಮ್-ಐ ಕಮ್ಯಾಂಡಿಗೆ ಗ್ರೂಪ್ಸ್ ಸ್ವಿಚ್ ಕೊಟ್ಟು ಹೊಸ ಗ್ರೂಪ್ ಕಾಣುತ್ತಿದೆಯೇ ನೋಡಲಿ.

ಹಳೆ ಸಾಲುಗಳನ್ನು ತೆಗೆಯುವ ಮೊದಲು ಹಳೆ ಡಿಸಿಗಳನ್ನು ಒಂದು ತಿಂಗಳಾದರೂ ಬರೀ ಆಫ್ ಮಾಡಿಡಿ. ಹಳೆ ಡೊಮೇನಿನ ಹೆಸರಲ್ಲೇ ಲಾಗಿನ್ ಆಗುತ್ತಿರುವ ಸ್ಕ್ಯಾನರ್, ಬ್ಯಾಕಪ್ ಜಾಬ್, ತಿಂಗಳಿಗೊಮ್ಮೆ ಓಡುವ ರಿಪೋರ್ಟ್ ಆಗ ಬಯಲಿಗೆ ಬರುತ್ತವೆ.