ಗೇಮ್ ಯಾವಾಗ ಬರುತ್ತೆ, ಅದರಲ್ಲಿ ಏನೇನಿರುತ್ತೆ?

ಈ ಸಲದ ಪತ್ರಗಳಲ್ಲಿ ಗೇಮ್ ಮಾಡುವವರದ್ದೂ ಇವೆ, ದುಡ್ಡು ಕೊಟ್ಟು ಆಡುವವರದ್ದೂ ಇವೆ. ಓದುತ್ತಾ ಹೋದರೆ ಇಬ್ಬರೂ ಒಬ್ಬರಿಗೊಬ್ಬರು ಬರೆದುಕೊಂಡ ಹಾಗಿತ್ತು. ಅದಕ್ಕೇ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ಪಿಸಿ ಗೇಮ್ ಮಾಡುತ್ತಿದ್ದೇವೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪುಟ ಹಾಕಿದ ದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ, ‘ಯಾವಾಗ ರಿಲೀಸ್?’ ನಮ್ಮಲ್ಲಿ ಇಬ್ಬರು ‘ಯುಗಾದಿಗೆ’ ಅಂತ ಹೇಳಿಬಿಡೋಣ ಅಂತಾರೆ. ಇನ್ನಿಬ್ಬರು ಬಾಯಿ ಬಿಡೋದೇ ಬೇಡ ಅಂತಾರೆ. ಯಾರು ಸರಿ?
– ಒಂದು ಪುಟ್ಟ ತಂಡ, ಎಚ್‌ಎಸ್‌ಆರ್ ಲೇಔಟ್

ಉತ್ತರ: ಇಬ್ಬರೂ ಅಲ್ಲ. ಯುಗಾದಿ ಯಾಕೆ ಅಂತ ಮೊದಲು ಆ ಇಬ್ಬರನ್ನು ಕೇಳಿ. ಹಬ್ಬಕ್ಕೆ ರಿಲೀಸ್ ಅನ್ನೋದು ಸಿನಿಮಾದವರ ಲೆಕ್ಕ. ಅವರಿಗೆ ಥಿಯೇಟರ್ ಸಿಗಬೇಕು, ಜನಕ್ಕೆ ರಜೆ ಇರಬೇಕು. ನಿಮ್ಮ ಗೇಮ್ ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಯುಗಾದಿ ಅಂದರೆ ಏನು ಅಂತಲೂ ಗೊತ್ತಿರಲಿಕ್ಕಿಲ್ಲ.

ತಾರೀಖು ಹೇಳಿ ಮುಂದೆ ಹಾಕೋದು ದೊಡ್ಡವರಿಗೂ ತಪ್ಪಿಲ್ಲ. ಬೆಂಗಳೂರಿನಲ್ಲೂ ಸ್ಟುಡಿಯೋ ಇರುವ ರಾಕ್‌ಸ್ಟಾರ್ ಕಂಪನಿ ತನ್ನ ‘ಜಿಟಿಎ 6’ ಗೇಮ್‌ನ ಮೊದಲ ಟ್ರೇಲರ್ ಬಿಟ್ಟಾಗ 2025 ಅಂದಿತ್ತು. ಆಮೇಲೆ 2026ರ ಮೇ 26 ಅಂದರು, ಅದಾದ ಮೇಲೆ ನವೆಂಬರ್ 19 ಅಂದರು. ಅಷ್ಟು ಜನ, ಅಷ್ಟು ದುಡ್ಡು ಇರುವವರ ಕಥೆಯೇ ಹೀಗೆ.

ಹಾಗಂತ ಪೂರ್ತಿ ಸುಮ್ಮನಿರೋದೂ ಸರಿಯಲ್ಲ. ಆ ಇನ್ನಿಬ್ಬರು ಬಹುಶಃ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಉದಾಹರಣೆ ಕೊಡುತ್ತಾರೆ. 2019ರಲ್ಲಿ ಘೋಷಣೆ ಆದ ಗೇಮ್ ಅದು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ವಿಭಾಗವಾದ ಎಕ್ಸ್‌ಬಾಕ್ಸ್‌ನ ಕಾರ್ಯಕ್ರಮದಲ್ಲಿ ‘ಹನ್ನೆರಡು ತಿಂಗಳೊಳಗೆ’ ಬರುವ ಪಟ್ಟಿಯಲ್ಲಿ ಕಾಣಿಸಿಕೊಂಡಿತು, ಆ ಗಡುವು ಮುಗಿಯುವ ಮೊದಲೇ ಇನ್ನೂ ಆಗಿಲ್ಲ ಅಂದರು, ಆಮೇಲೆ ಬಹಳ ಕಾಲ ಹೆಚ್ಚು ಸದ್ದೇ ಇರಲಿಲ್ಲ. ಕೊನೆಗೆ 2025ರ ಆಗಸ್ಟ್ 21ಕ್ಕೆ ‘ಸೆಪ್ಟೆಂಬರ್ 4ಕ್ಕೆ ಬರುತ್ತೆ’ ಅಂದರು, ಬಂತು. ಆ ದಿನ ನೂಕುನುಗ್ಗಲಿಗೆ ಸ್ಟೀಮ್ ಕೂಡ ಸ್ವಲ್ಪ ಹೊತ್ತು ಏದುಸಿರು ಬಿಟ್ಟಿತು. ಆದರೆ ಅದನ್ನು ಮಾಡಿದವರ ಹಿಂದಿನ ಗೇಮ್‌ಗೆ ಪ್ರಪಂಚದ ತುಂಬ ಅಭಿಮಾನಿಗಳಿದ್ದರು, ಸುಮ್ಮನಿದ್ದರೂ ಜನ ಕಾದರು. ನೀವು ಸುಮ್ಮನಿದ್ದರೆ ಜನ ಮರೆತುಬಿಡುತ್ತಾರೆ, ಅಷ್ಟೇ.

ಸ್ಟೀಮ್‌ನಲ್ಲಿ ನಿಖರ ತಾರೀಖೇ ಹಾಕಬೇಕು ಅಂತೇನಿಲ್ಲ. ಬರೀ ವರ್ಷ ಹಾಕಬಹುದು, ಮೂರು ತಿಂಗಳ ಅವಧಿ ಹಾಕಬಹುದು, ತಿಂಗಳು ಹಾಕಬಹುದು, ಅಥವಾ ‘ಶೀಘ್ರದಲ್ಲಿ’ ಅಂತ ಬಿಡಬಹುದು. ಈಗ ವರ್ಷ ಹಾಕಿ. ಮೊದಲಿಂದ ಕೊನೆಯವರೆಗೆ ಎಲ್ಲೂ ಸಿಕ್ಕಿಕೊಳ್ಳದೆ ಆಡುವ ಹಾಗಾದ ಮೇಲೆ ತಿಂಗಳು ಹೇಳಿ. ದಿನ ಹೇಳೋದು ಗೇಮ್ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯವರ ಪರಿಶೀಲನೆ ಮುಗಿಸಿಕೊಂಡು ಕೈಗೆ ಬಂದ ಮೇಲೆ. ಹೇಗಿದ್ದರೂ ರಿಲೀಸ್‌ಗೆ ಮುಂಚೆ ಕನಿಷ್ಠ ಎರಡು ವಾರ ಪುಟ ಎಲ್ಲರಿಗೂ ಕಾಣುವಂತಿರಬೇಕು ಅನ್ನೋದು ಅವರ ನಿಯಮ. ನಿಮ್ಮ ಪುಟ ಆಗಲೇ ಇದೆ, ಆದ್ದರಿಂದ ದಿನ ತಡವಾಗಿ ಹೇಳಿದರೂ ನಡೆಯುತ್ತೆ.

ಪ್ರಶ್ನೆ: ನನ್ನ ತಮ್ಮನಿಗೆ ಬಲಗೈ ಬೆರಳುಗಳು ಸರಿಯಾಗಿ ಮಡಚೋಕೆ ಆಗಲ್ಲ. ಅವನ ಹುಟ್ಟುಹಬ್ಬಕ್ಕೆ ಒಂದು ಗೇಮ್ ಕೊಡಿಸಿದೆ. ಅರ್ಧಕ್ಕೆ ಬಂದಾಗ ಒಂದು ಬಟನ್ ಅನ್ನು ಪಟಪಟ ಒತ್ತುತ್ತಲೇ ಇರಬೇಕಾದ ಜಾಗ ಬಂತು, ಅಲ್ಲಿಗೇ ನಿಂತುಹೋಯಿತು. ಇದನ್ನೆಲ್ಲ ಕೊಳ್ಳುವ ಮುಂಚೆ ತಿಳಿದುಕೊಳ್ಳೋದು ಹೇಗೆ?
– ಒಬ್ಬ ಅಕ್ಕ, ಬಸವನಗುಡಿ

ಉತ್ತರ: ಮುಂಚೆ ಇದಕ್ಕೆ ದಾರಿಯೇ ಇರಲಿಲ್ಲ, ಈಗ ಸ್ವಲ್ಪ ಇದೆ. ಎಕ್ಸ್‌ಬಾಕ್ಸ್ ಅಂಗಡಿಯಲ್ಲಿ 2021ರಿಂದ ಅಕ್ಸೆಸಿಬಿಲಿಟಿ ಟ್ಯಾಗ್‌ಗಳಿವೆ, ಅಂದರೆ ಅಂಗವೈಕಲ್ಯ ಇರುವವರಿಗೆ ಗೇಮ್‌ನಲ್ಲಿ ಯಾವ ಸೌಲಭ್ಯ ಇದೆ ಅಂತ ಹೇಳುವ ಚೀಟಿಗಳು. ಸೋನಿಯ ಪ್ಲೇಸ್ಟೇಷನ್ ಅಂಗಡಿಗೆ 2023ರಲ್ಲಿ ಬಂದವು, ಸ್ಟೀಮ್ 2025ರಲ್ಲಿ ಶುರು ಮಾಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಗೇಮ್ ಕಂಪನಿಗಳ ಸಂಘವೊಂದು ಎಲ್ಲರೂ ಒಂದೇ ಅರ್ಥದಲ್ಲಿ ಬಳಸಲಿ ಅಂತ 24 ಟ್ಯಾಗ್‌ಗಳ ಪಟ್ಟಿ ಹೊರತಂದಿತು. ಆದರೆ ಸ್ಟೀಮ್‌ನಲ್ಲಿ ಈ ವಿವರ ತುಂಬುವವರು ಗೇಮ್ ಮಾಡಿದವರೇ. ಟ್ಯಾಗ್ ಇಲ್ಲ ಅಂದರೆ ಸೌಲಭ್ಯ ಇಲ್ಲ ಅಂತಲೂ ಇರಬಹುದು, ಫಾರಂ ತುಂಬೋಕೆ ಸೋಮಾರಿತನ ಅಂತಲೂ ಇರಬಹುದು.

ನಿಮ್ಮ ತಮ್ಮನ ಮಟ್ಟಿಗೆ ಮೂರು ವಿಷಯ ನೋಡಿ. ಪ್ರತಿ ಬಟನ್‌ನ ಕೆಲಸವನ್ನೂ ನಾವೇ ಬದಲಾಯಿಸಬಹುದಾ, ಇಲ್ಲ ಅವರು ಕೊಟ್ಟ ಎರಡು ಮೂರು ಜೋಡಣೆಗಳಲ್ಲೇ ಆರಿಸಬೇಕಾ. ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿ ಬಿಟ್ಟರೆ ಸಾಕು ಅನ್ನುವ ಆಯ್ಕೆ ಇದೆಯಾ. ಪಟಪಟ ಒತ್ತುವ ಜಾಗಗಳನ್ನು ದಾಟಿ ಹೋಗಬಹುದಾ. ಪುಟದಲ್ಲಿ ಇದು ಸಿಗದಿದ್ದರೆ ಮಾಡಿದವರನ್ನೇ ಕೇಳಿ, ಸಂಕೋಚ ಬೇಡ. ಡೆಮೊ ಇದ್ದರೆ ಮೊದಲು ಸೆಟ್ಟಿಂಗ್ಸ್ ತೆಗೆದು ನೋಡಿ, ಆಟ ಆಮೇಲೆ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕಷ್ಟ ಏನಪ್ಪಾ ಅಂದರೆ ಮೊದಲ ಎರಡು ಗಂಟೆ ಯಾವ ಗೇಮ್ ಆದರೂ ಮುದ್ದು ಮಾಡುತ್ತೆ. ಕೈಗೆ ಕಷ್ಟ ಕೊಡುವ ಜಾಗ ಬರೋದು ಆಮೇಲೆ, ನಿಮ್ಮ ತಮ್ಮನಿಗೆ ಆದ ಹಾಗೆ. ಎರಡು ಗಂಟೆ ದಾಟಿದ ಮೇಲೂ ಕಾರಣ ಬರೆದು ಅರ್ಜಿ ಹಾಕಿ ನೋಡಿ. ಸಿಕ್ಕೇ ಸಿಗುತ್ತೆ ಅಂತಿಲ್ಲ, ಕೇಳೋದಕ್ಕೆ ಕಾಸಿಲ್ಲ.

ಪ್ರಶ್ನೆ: ನಮ್ಮ ಗೇಮ್ ಮುಂದಿನ ತಿಂಗಳು ಬರುತ್ತೆ. ಬಟನ್ ಬದಲಾಯಿಸುವ ಸೌಲಭ್ಯ ಮೊದಲ ದಿನಕ್ಕೆ ಸಿದ್ಧ ಆಗಲ್ಲ. ಇದನ್ನು ನಾವಾಗಿ ಹೇಳಿದರೆ ಕೆಟ್ಟ ಹೆಸರು ಬರಲ್ವಾ? ಸುಮ್ನೆ ಬಿಟ್ಟು, ಆಮೇಲೆ ಅಪ್‌ಡೇಟ್‌ನಲ್ಲಿ ಸೇರಿಸಿದರೆ ಆಗಲ್ವಾ?
– ಒಬ್ಬ ಪ್ರೋಗ್ರಾಮರ್, ಮಲ್ಲೇಶ್ವರ

ಉತ್ತರ: ಮೇಲಿನ ಪತ್ರ ಓದಿದಿರಾ? ಆ ಅಕ್ಕ ದುಡ್ಡು ಕೊಟ್ಟ ಮೇಲೆ ತಿಳಿದುಕೊಂಡರು. ನೀವು ಮುಂಚೆಯೇ ಹೇಳಿದರೆ ಅಂಥವರು ಕೊಳ್ಳದೆ ಕಾಯುತ್ತಾರೆ, ಬೈಯುವುದಿಲ್ಲ. ಹೇಳದಿದ್ದರೆ ಕೊಂಡು, ಬೈದು, ವಾಪಸ್ ಕೊಟ್ಟು ಹೋಗುತ್ತಾರೆ, ಆಮೇಲೆ ನೀವು ಸೇರಿಸಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಊಟಕ್ಕೆ ಕರೆದು ಎಲೆ ಮುಂದೆ ಕೂರಿಸಿದ ಮೇಲೆ ‘ಅನ್ನ ಇನ್ನೂ ಆಗಿಲ್ಲ’ ಅಂದ ಹಾಗಿರುತ್ತೆ ಅದು.

ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ 60ಕ್ಕೂ ಹೆಚ್ಚು ಅಕ್ಸೆಸಿಬಿಲಿಟಿ ಸೆಟ್ಟಿಂಗ್‌ಗಳಿದ್ದವು. ಗೇಮ್ ಬಂದದ್ದು 2020ರ ಜೂನ್ 19ಕ್ಕೆ, ಅವುಗಳ ವಿವರ ಅದಕ್ಕೂ ಮುಂಚೆಯೇ ಜನಕ್ಕೆ ಸಿಕ್ಕಿತ್ತು. ‘ಫೋರ್ಜಾ ಹೊರೈಜನ್ 5’ ಇನ್ನೂ ನಿಮಗೆ ಹತ್ತಿರದ ಉದಾಹರಣೆ. ಕಥೆಯ ದೃಶ್ಯಗಳಿಗೆ ಅಮೆರಿಕನ್ ಮತ್ತು ಬ್ರಿಟಿಷ್ ಸಂಜ್ಞಾಭಾಷೆ ಹಾಕುತ್ತೇವೆ, ಆದರೆ ಮೊದಲ ದಿನಕ್ಕಲ್ಲ ಅಂತ ಮೊದಲೇ ಹೇಳಿದರು. ಗೇಮ್ ಬಂದದ್ದು 2021ರ ನವೆಂಬರ್, ಸಂಜ್ಞಾಭಾಷೆ ಬಂದದ್ದು 2022ರ ಮಾರ್ಚ್. ಇದಕ್ಕೆ ಅವರಿಗೆ ಒಳ್ಳೆ ಹೆಸರೇ ಬಂತು.

ಹೀಗೆ ಬರೆಯಿರಿ: ‘ಮೊದಲ ದಿನ ಇರುವುದು: ಸಬ್‌ಟೈಟಲ್ ಗಾತ್ರ ಮೂರು ಬಗೆ, ಮಾತಾಡುವವರ ಹೆಸರು, ಪರದೆ ಅಲುಗಾಟ ನಿಲ್ಲಿಸುವ ಆಯ್ಕೆ. ಮೊದಲ ದಿನ ಇಲ್ಲದ್ದು: ಬಟನ್ ಬದಲಾವಣೆ. ಇದರ ಕೆಲಸ ನಡೆಯುತ್ತಿದೆ, ಸಿದ್ಧವಾದ ದಿನ ಇಲ್ಲೇ ತಿಳಿಸುತ್ತೇವೆ. ಇದು ನಿಮಗೆ ಬೇಕೇ ಬೇಕಾದರೆ ದಯವಿಟ್ಟು ಈಗ ಕೊಳ್ಳಬೇಡಿ.’ ಕೊನೆಯ ವಾಕ್ಯ ಬರೆಯೋಕೆ ಹೊಟ್ಟೆ ಉರಿಯುತ್ತೆ, ಗೊತ್ತು. ಆದರೂ ಬರೆಯಿರಿ.

‘ಎಲ್ಲರೂ ಆಡಬಹುದಾದ ಗೇಮ್’ ಅಂತ ಮಾತ್ರ ಎಲ್ಲೂ ಹಾಕಬೇಡಿ. ಅದು ನಿಜವಲ್ಲ, ಯಾವ ಗೇಮ್‌ಗೂ ನಿಜವಲ್ಲ. ಮತ್ತೆ, ಸೌಲಭ್ಯ ಇದೆ ಅನ್ನುವ ಮುಂಚೆ ಅದನ್ನು ನಿಜವಾಗಿ ಬಳಸುವವರ ಕೈಗೆ ಕೊಟ್ಟು ನೋಡಿ. ಬೆಂಗಳೂರಿನಲ್ಲಿ ಕೂತು ಅಂಥವರು ಸಿಗಲಿಲ್ಲ ಅನ್ನೋ ಹಾಗಿಲ್ಲ. ಅಂಗವಿಕಲರ ಜೊತೆ ಕೆಲಸ ಮಾಡುವ ಸಂಸ್ಥೆಗಳಿವೆ: ಮಿತ್ರಜ್ಯೋತಿ ಇದೆ, ಎನೇಬಲ್ ಇಂಡಿಯಾ ಇದೆ, 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ ಇದೆ. ಹೋಗಿ ಕೇಳಿ, ಯಾರಾದರೂ ಒಪ್ಪಿದರೆ ಅವರ ಸಮಯಕ್ಕೆ ದುಡ್ಡು ಕೊಡಿ. ಕಾಫಿ ಕುಡಿಸಿ ಕಳಿಸಬೇಡಿ.

ಪ್ರಶ್ನೆ: ನನಗೆ ಕಣ್ಣು ಕಾಣಿಸೋದಿಲ್ಲ, ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಫೋನ್‌ನ ಸ್ಕ್ರೀನ್ ರೀಡರ್ ಬಳಸುತ್ತೇನೆ. ಗೇಮ್ ಕಂಪನಿಗಳು ‘ಮಹತ್ವದ ಸೂಚನೆ’ ಅಂತ ಏನೋ ಹಾಕುತ್ತವೆ. ನನ್ನ ಫೋನ್ ಬರೀ ‘ಚಿತ್ರ’ ಅನ್ನುತ್ತೆ. ಅದರಲ್ಲಿ ಏನಿರುತ್ತೆ?
– ಒಬ್ಬ ಓದುಗ, ರಾಜಾಜಿನಗರ

ಉತ್ತರ: ಹೆಚ್ಚಿನ ಸಲ ‘ಗೇಮ್ ತಡವಾಗುತ್ತೆ, ಕ್ಷಮಿಸಿ’ ಅಂತಿರುತ್ತೆ! ‘ಸೈಬರ್‌ಪಂಕ್ 2077’ರವರು ಹಳದಿ ಬಣ್ಣದ ಚಿತ್ರದ ಮೇಲೆ ಇಂಥ ಸೂಚನೆ ಹಾಕಿದ್ದು ಈಗಲೂ ಜನಕ್ಕೆ ನೆನಪಿದೆ. 2020ರ ಏಪ್ರಿಲ್ 16 ಇದ್ದದ್ದು ಸೆಪ್ಟೆಂಬರ್ 17 ಆಯಿತು, ಆಮೇಲೆ ನವೆಂಬರ್ 19, ಕೊನೆಗೆ ಡಿಸೆಂಬರ್ 10. ಆ ಕೊನೇ ಮುಂದೂಡಿಕೆ ಬಂದದ್ದು ಗೇಮ್ ಸಿದ್ಧವಾಯಿತು ಅಂತ ಸಾರಿದ ಮೇಲೆ. ಬಂದ ಮೇಲೂ ಎಷ್ಟು ಕೆಟ್ಟಿತ್ತು ಅಂದರೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿ, 2021ರ ಜೂನ್‌ನಲ್ಲಿ ವಾಪಸ್ ಇಟ್ಟಿತು.

ನಿಮ್ಮ ದೂರು ನೂರಕ್ಕೆ ನೂರು ಸರಿ. ಗೇಮ್ ಮಾಡುವ ಓದುಗರೇ, ಚಿತ್ರ ಹಾಕಿ, ಬೇಡ ಅನ್ನಲ್ಲ, ಆದರೆ ಅದರೊಳಗಿನ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲೂ ಹಾಕಿ. ತಾರೀಖು ಟ್ರೇಲರ್‌ನ ಕೊನೆಯಲ್ಲಿ ಬರೀ ಕಣ್ಣಿಗೆ ಕಂಡರೆ ಸಾಲದು, ದನಿಯಲ್ಲೂ ಬರಲಿ. ಅಕ್ಸೆಸಿಬಿಲಿಟಿ ಸೆಟ್ಟಿಂಗ್‌ಗಳ ಪಟ್ಟಿಯನ್ನೇ ಸ್ಕ್ರೀನ್‌ಶಾಟ್ ಮಾಡಿ ಹಾಕಿದವರನ್ನು ನೋಡಿದ್ದೇನೆ. ಏನು ಹೇಳೋದು.

ಪ್ರಶ್ನೆ: ಕನ್ನಡ ಸಬ್‌ಟೈಟಲ್ ಇದೆ ಅಂತ ಒಂದು ಗೇಮ್ ತೆಗೆದುಕೊಂಡೆ. ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಬರುತ್ತಿದೆ. ಯಾಕೆ?
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಅಕ್ಷರಗಳನ್ನು ಕೂಡಿಸಿ ಒತ್ತು ಕೆಳಗೆ ಕೂರಿಸುವ ಕೆಲಸ ಫಾಂಟ್ ಒಂದರದ್ದೇ ಅಲ್ಲ, ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶದ್ದೂ ಹೌದು. ಯೂನಿಟಿ ಅನ್ನೋ ಎಂಜಿನ್‌ನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ ಭಾರತೀಯ ಲಿಪಿಗಳಿಗೆ ಇದನ್ನು ತಾನಾಗಿ ಮಾಡುತ್ತಿರಲಿಲ್ಲ, ಬೇರೆ ಉಪಾಯ ಹುಡುಕಬೇಕಿತ್ತು. ಗೋಡೋ 4 ಅನ್ನೋ ಇನ್ನೊಂದು ಎಂಜಿನ್‌ನಲ್ಲಿ ಸರಿಯಾಗಿ ಬರುತ್ತೆ. ನೀವು ಒಂದು ಸ್ಕ್ರೀನ್‌ಶಾಟ್ ತೆಗೆದು, ಸರಿಯಾದ ಪದವನ್ನು ಪಕ್ಕದಲ್ಲಿ ಟೈಪ್ ಮಾಡಿ ಅವರಿಗೆ ಕಳಿಸಿ. ಎಷ್ಟೋ ಸಲ ತಂಡದಲ್ಲಿ ಕನ್ನಡ ಓದುವವರು ಒಬ್ಬರೂ ಇರುವುದಿಲ್ಲ, ತಪ್ಪಾಗಿದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ.