ಕುತ್ತಿಗೆ ನೋವಿಗೆ ಇಪ್ಪತ್ತು ಸಾವಿರದ ಕುರ್ಚಿ ಬೇಕಾ?

ಮಂಡ್ಯದ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ, ಸಂಜೆ ಹೊತ್ತಿಗೆ ಕುತ್ತಿಗೆ, ಹೆಗಲು ಹಿಡಿದುಕೊಳ್ಳುತ್ತದೆ, ಇಪ್ಪತ್ತು ಸಾವಿರ ಕೊಟ್ಟು ಕುರ್ಚಿ ತರಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನೂ ಮೈಸೂರಿನಲ್ಲಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವಳು. ಕುತ್ತಿಗೆ ಬಗ್ಗಿಸುತ್ತಿರುವುದು ಕುರ್ಚಿ ಅಲ್ಲ, ಲ್ಯಾಪ್‌ಟಾಪ್. ಅದರ ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡೇ ಇರುತ್ತವಲ್ಲ. ಕೈಗೆ ಸರಿಹೋದರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಹೋದರೆ ಕೈಗೆ ಎತ್ತರ. ನಮ್ಮ ತಲೆ ಹತ್ತಿರ ಹತ್ತಿರ 5 ಕೆಜಿ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗಕ್ಕೆ ಕೆಲಸ ಜಾಸ್ತಿ. ಹಾಗಾಗಿ ಮೊದಲು ಬೇರೆ ಕೀಬೋರ್ಡ್, ಮೌಸ್ ತನ್ನಿ. ವೈರಿನದ್ದಾದರೆ ಸಾವಿರ ರೂಪಾಯಿಯೊಳಗೆ ಎರಡೂ ಬರುತ್ತವೆ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಪೇರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ದೂರ ಒಂದು ತೋಳಿನಷ್ಟು. ಪ್ರೋಗ್ರೆಸಿವ್ ಕನ್ನಡಕ (ಒಂದೇ ಗಾಜಿನಲ್ಲಿ ದೂರಕ್ಕೂ ಹತ್ತಿರಕ್ಕೂ ಪವರ್ ಇರುವಂಥದ್ದು) ಇದ್ದರೆ ಮಾತ್ರ ಪರದೆ ಇನ್ನೊಂಚೂರು ತಗ್ಗಿಸಿ, ಇಲ್ಲದಿದ್ದರೆ ಗದ್ದ ಎತ್ತಿಕೊಂಡು ನೋಡಬೇಕಾಗುತ್ತದೆ.

ಹೆಗಲು ನೋವಿಗೆ ಕಾರಣ ಬಹುಶಃ ಮೇಜಿನ ಎತ್ತರ. ಊಟದ ಮೇಜು ಸಾಮಾನ್ಯವಾಗಿ 29–30 ಇಂಚು ಇರುತ್ತದೆ. ಐದೂಕಾಲು ಅಡಿ ಎತ್ತರದವರಿಗೆ ಟೈಪ್ ಮಾಡಲು ಅದು ಜಾಸ್ತಿಯೇ. ಗೊತ್ತಿಲ್ಲದೆ ಹೆಗಲು ಮೇಲೆತ್ತಿಕೊಂಡೇ ಕೂತಿರುತ್ತೇವೆ. ಮೇಜಿನ ಕಾಲು ಕುಯ್ಯಿಸಲು ಮನೆಯಲ್ಲಿ ಯಾರೂ ಒಪ್ಪಲ್ಲ ಬಿಡಿ. ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವಷ್ಟು ಮೇಲೆ ಕೂರಿ. ಆಗ ಕಾಲು ತೇಲುತ್ತದೆ. ಅದಕ್ಕೆ ನಾನು ಊಟಕ್ಕೆ ಕೂರುವ ಮಣೆ ಎರಡು ಪೇರಿಸಿ ಇಟ್ಟಿದ್ದೇನೆ. ರೆಡ್ ಆಕ್ಸೈಡ್ ನೆಲದ ಮೇಲೆ ಮಣೆ ಜಾರುತ್ತದೆ, ಅಡಿಗೆ ಒಂದು ಗೋಣಿಚೀಲ ಹಾಸಿ. ಸೊಂಟದ ಹಿಂದೆ ಟವೆಲ್ ಸುತ್ತಿಟ್ಟರೆ ಸಾಕು.

ಕಿಟಕಿ ಬೆನ್ನ ಹಿಂದೆ ಇದ್ದರೆ ಪರದೆ ಮಿಂಚುತ್ತದೆ, ಆಗ ತಾನಾಗಿಯೇ ಮುಂದೆ ವಾಲುತ್ತೇವೆ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಕೂರಿ.

ಇನ್ನು, ದಿನವಿಡೀ ಸೆಟೆದು ಕೂರಬೇಡಿ. ಅದೂ ನೋವೇ. ಅರ್ಧ ಗಂಟೆಗೊಮ್ಮೆ ಏಳಿ, ಫೋನ್ ಬಂದರೆ ಓಡಾಡುತ್ತಾ ಮಾತಾಡಿ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು ಇದ್ದರೆ ಮಾತ್ರ ಇದ್ಯಾವುದನ್ನೂ ನೆಚ್ಚಿಕೊಳ್ಳದೆ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲಾ ಆದ ಮೇಲೂ ಕುರ್ಚಿ ಬೇಕೆನಿಸಿದರೆ ಸೆಕೆಂಡ್ ಹ್ಯಾಂಡ್ ಆಫೀಸ್ ಕುರ್ಚಿ ನೋಡಿ. ಸೀಟು, ಕೈ ಎರಡರ ಎತ್ತರವೂ ಬದಲಾಗುವಂಥದ್ದು ಇರಲಿ. ಅಂಗಡಿಯಲ್ಲೇ ಹತ್ತು ನಿಮಿಷ ಕೂತು ನೋಡಿ, ಯಾರೂ ಏಳಿಸಲ್ಲ.