ಐದು ವರ್ಷದ ಮಗುವಿಗೆ ಸೋಮಾರಿ ಕಣ್ಣು: ಬರೀ ಕನ್ನಡಕ ಸಾಕಾ?

ನಿಮ್ಮ ಮಗನಿಗೆ ಐದು ವರ್ಷ. ಎಡಗಣ್ಣು ಸೋಮಾರಿ ಕಣ್ಣು ಅಂದಿದ್ದಾರೆ, ಒಳ್ಳೆ ಕಣ್ಣು ಮುಚ್ಚುವ ಪಟ್ಟಿ ಈಗಲೇ ಬೇಡ, ಕನ್ನಡಕ ಹಾಕಿ ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಆರು ವಾರ ಆದರೂ ಆ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ, ನಂಬರ್ ತಪ್ಪಾಗಿದೆಯಾ ಅಂತ ಕೇಳಿದ್ದೀರಿ. ನಾವು ಬೇಲೂರಿನವರು. ಮೂರು ವರ್ಷದ ಹಿಂದೆ ನನ್ನ ಮಗಳಿಗೂ ಇದೇ ಆಗಿತ್ತು. ಆರನೇ ವಾರಕ್ಕೆ ನಾನೂ ಅತ್ತಿದ್ದೆ.

ಆರು ವಾರ ಸಾಲದು. ದೊಡ್ಡವರಿಗೆ ಕನ್ನಡಕ ಹಾಕಿದ ತಕ್ಷಣ ಕಾಣುತ್ತದೆ, ಮಗುವಿಗೂ ಹಾಗೇ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಇಷ್ಟು ವರ್ಷ ಆ ಕಣ್ಣಿನಿಂದ ಮಸುಕು ಚಿತ್ರವೇ ಬಂದಿದ್ದಕ್ಕೆ ಮೆದುಳು ಅದನ್ನು ಬದಿಗಿಟ್ಟು ಇನ್ನೊಂದು ಕಣ್ಣನ್ನೇ ನೆಚ್ಚಿಕೊಂಡಿರುತ್ತದೆ. ಈಗ ಚಿತ್ರ ತಿಳಿಯಾಗಿ ಬರುತ್ತಿದೆ, ಅದನ್ನು ಓದಲು ಮೆದುಳು ಕಲಿಯಬೇಕು. ಅದಕ್ಕೆ ನಾಲ್ಕು ತಿಂಗಳಾದರೂ ಹಿಡಿಯಬಹುದು. ಎರಡು ಕಣ್ಣಿನ ನಂಬರ್ ಬೇರೆ ಬೇರೆ ಇದ್ದು ಒಂದು ಕಣ್ಣು ಸೋಮಾರಿಯಾಗಿದ್ದ 3ರಿಂದ 7 ವರ್ಷದೊಳಗಿನ 84 ಮಕ್ಕಳಿಗೆ ಬರೀ ಕನ್ನಡಕ ಕೊಟ್ಟು ನೋಡಿದ ಒಂದು ಅಧ್ಯಯನ 2006ರಲ್ಲಿ ಬಂತು. ನೂರಕ್ಕೆ 77 ಮಕ್ಕಳು ಚಾರ್ಟಿನಲ್ಲಿ ಎರಡು ಸಾಲೋ ಅದಕ್ಕಿಂತ ಜಾಸ್ತಿಯೋ ಮುಂದೆ ಹೋದರು. ನೂರಕ್ಕೆ 27 ಮಕ್ಕಳಿಗೆ ಪಟ್ಟಿ ಇಲ್ಲದೆಯೇ ಪೂರ್ತಿ ಸರಿಹೋಯಿತು. ನಿಮ್ಮ ಡಾಕ್ಟರ್ ಸುಮ್ನೆ ಕಾಯಿಸುತ್ತಿಲ್ಲ.

ನಂಬರ್ ಬಗ್ಗೆ ಒಂದೇ ಒಂದು ಕೇಳಿಕೊಳ್ಳಿ: ಕಣ್ಣಿಗೆ ಔಷಧಿ ಹಾಕಿ, ಪಾಪೆ ದೊಡ್ಡದು ಮಾಡಿ ನೋಡಿದ್ದಾರಾ? ನಾವು ಮೊದಲು ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆವು. ಕಂಪ್ಯೂಟರಿನಲ್ಲಿ ನೋಡಿ, ಸ್ವಲ್ಪ ಇದೆ, ಈಗಲೇ ಬೇಡ ಅಂದರು. ಚಿಕ್ಕ ಮಕ್ಕಳು ಕಣ್ಣು ಬಿಗಿಹಿಡಿದು ಪ್ಲಸ್ ನಂಬರನ್ನು ಮುಚ್ಚಿಬಿಡುತ್ತಾರೆ ಅಂತ ನಮಗೆ ಯಾರೂ ಹೇಳಲಿಲ್ಲ. ಎಂಟು ತಿಂಗಳು ಹೋಯಿತು. ಆಮೇಲೆ ಹಾಸನದಲ್ಲಿ ಮಕ್ಕಳ ಕಣ್ಣು ನೋಡುವ ಡಾಕ್ಟರ್ ಆ ಬಿಗಿ ಬಿಡಿಸುವ ಮುಲಾಮನ್ನು ಮೂರು ದಿನ ಕಣ್ಣಿಗೆ ಹಾಕಿಸಿ ನೋಡಿದರು. ಬಲಗಣ್ಣು +1, ಎಡಗಣ್ಣು +4.5. ಆ ಎಂಟು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕನ್ನಡಕ ಹಾಕಿದ ದಿನ ಎಡಗಣ್ಣಿಗೆ 6/36, ಅಂದರೆ ಸರಿಯಾದ ಕಣ್ಣು 36 ಮೀಟರಿನಿಂದ ಓದುವುದನ್ನು ಇದು 6 ಮೀಟರಿನಿಂದ ಓದುತ್ತದೆ; 6/6 ಇದ್ದರೆ ಸರಿ. ಎರಡು ತಿಂಗಳಿಗೆ 6/24, ನಾಲ್ಕಕ್ಕೆ 6/12. ಅಲ್ಲಿಗೆ ನಿಂತಿತು. ಆಗ ಪಟ್ಟಿ ಶುರುವಾಯಿತು, ಚೆನ್ನಾಗಿ ಕಾಣುವ ಬಲಗಣ್ಣಿಗೆ, ದಿನಕ್ಕೆ ಎರಡು ಗಂಟೆ. "ಒಳ್ಳೆ ಕಣ್ಣು ಮುಚ್ಚಿದ್ರೆ ಮಗು ಹೆಂಗೆ ನೋಡ್ಬೇಕು?" ಅಂತ ನಮ್ಮತ್ತೆ ಬೇಜಾರು ಮಾಡಿಕೊಂಡರು. ಆಮೇಲೆ ಅವರೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಳು ಹಿತುಕಿಸುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಆರಿಸಿಸುತ್ತಿದ್ದರು. ಸೋಮಾರಿ ಕಣ್ಣಿಗೆ ಅದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ. ಈಗ 6/9.

ಕನ್ನಡಕ ಎದ್ದಾಗಿನಿಂದ ಮಲಗುವವರೆಗೂ ಇರಲಿ. ಬರೀ ಸ್ಕೂಲಿಗೆ ಹಾಕಿ ಮನೆಯಲ್ಲಿ ತೆಗೆದಿಟ್ಟರೆ ಪ್ರಯೋಜನ ಇಲ್ಲ. ಪ್ಲಾಸ್ಟಿಕ್ ಫ್ರೇಮ್, ಒಡೆಯದ ಪಾಲಿಕಾರ್ಬೊನೇಟ್ ಗ್ಲಾಸ್, ಹಿಂದೆ ಎಲಾಸ್ಟಿಕ್ ಪಟ್ಟಿ ಹಾಕಿಸಿ. ಜಾರಿ ಮೂಗಿನ ತುದಿಗೆ ಬಂದರೆ ಮಕ್ಕಳು ಮೇಲಿಂದ ಇಣುಕಿ ನೋಡುತ್ತಾರೆ, ನಾವು ಹಾಕಿಕೊಂಡಿದೆ ಅಂದುಕೊಳ್ಳುತ್ತೇವೆ. ಈಗಲೇ ಹಾಕಿದರೆ ನಂಬರ್ ಜಾಸ್ತಿ ಆಗುತ್ತೆ ಅನ್ನುವವರ ಮಾತು ಕೇಳಬೇಡಿ. ಕನ್ನಡಕದಿಂದ ನಂಬರ್ ಏರುವುದಿಲ್ಲ. ಏಳು ವರ್ಷದೊಳಗೆ ಸಿಗುವ ಫಲ ಆಮೇಲೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಮೂರು ತಿಂಗಳ ತಾರೀಖು ತಪ್ಪಿಸಬೇಡಿ. ಸರಿಹೋದ ಮೇಲೂ ಕೆಲವು ಮಕ್ಕಳಿಗೆ ಮತ್ತೆ ಹಿಂದಕ್ಕೆ ಬರುತ್ತದೆ, ಅದಕ್ಕೇ ನಾವು ಇನ್ನೂ ಹೋಗುತ್ತಿದ್ದೇವೆ. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದಕ್ಕೂ ಇರಬಹುದು, ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ. ನಮ್ಮ ಚಿಕ್ಕವನಿಗೆ ಮೂರು ವರ್ಷಕ್ಕೇ ಗೊತ್ತಾಯಿತು, ಅವನಿಗೆ ಪಟ್ಟಿಯೇ ಬೇಕಾಗಲಿಲ್ಲ.